ಪಾತಾಳಗರಡಿಗೆ ಸಿಗದ ಇತಿಹಾಸ

ಬಾವಿಯಿಂದ ನೀರು ಸೇದುತ್ತಿದ್ದ ಕಾಲದಲ್ಲಿ ಓಣಿಗೊಂದು ಮನೆಯಲ್ಲಾದರೂ ಪಾತಾಳಗರಡಿ ಇರುತ್ತಿತ್ತು. ಹಗ್ಗ ಹರಿದು ಕೊಡ ಬಾವಿಗೆ ಬಿತ್ತೆಂದರೆ ಆ ಮನೆಗೆ ಓಡಬೇಕು. ಕಬ್ಬಿಣದ ಬಳೆಯೊಂದಕ್ಕೆ ಹಲವಾರು ಕೊಕ್ಕೆಗಳನ್ನು ತೂಗುಬಿಟ್ಟ ಈ ಸಾಧನವನ್ನು ಹಗ್ಗಕ್ಕೆ ಕಟ್ಟಿ ಬಾವಿಯ ತಳದಲ್ಲಿ ಮೆಲ್ಲಗೆ ಆಡಿಸಿದರೆ ಕೊಡದ ಕಂಠ ಯಾವುದಾದರೊಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತಿತ್ತು. ಒಮ್ಮೊಮ್ಮೆ ಹುಡುಕುತ್ತಿದ್ದ ಕೊಡದ ಬದಲು ಯಾರ ಅಜ್ಜಿಯ ಕಾಲದಲ್ಲಿ ಬಿದ್ದದ್ದೋ ತಿಳಿಯದ ತಾಮ್ರದ ತಂಬಿಗೆ ಮೇಲೆ ಬರುವುದೂ ಉಂಟು. ಆಗ ಬಾವಿಕಟ್ಟೆಯಲ್ಲಿ ನಡೆಯುತ್ತಿದ್ದ ಚರ್ಚೆಯನ್ನು ಕೇಳಬೇಕಿತ್ತು!

ಸಿಹಿನೀರಿನ ಅಡಿಯಲ್ಲಿ ಏನಿದೆ ಎಂದು ಹುಡುಕುವ ವಿದ್ಯೆಯಲ್ಲಿ ನಮ್ಮ ಜನ ಹಿಡಿದ ಮೊದಲ ಸಾಧನ ಇದೇ ಇರಬೇಕು. ಬಾವಿಗೆ ಅದು ಸಾಕು. ಆದರೆ ನದಿಗೆ? ಅದರಲ್ಲೂ ಒಂದು ಸಾಮ್ರಾಜ್ಯದ ರಾಜಧಾನಿಯನ್ನು ಬಗಲಲ್ಲಿಟ್ಟುಕೊಂಡು ಇನ್ನೂರು ವರ್ಷಕ್ಕೂ ಮಿಕ್ಕಿ ಹರಿದ ತುಂಗಭದ್ರೆಗೆ?

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಾಗ, ಆನೆಗೊಂದಿಗೆ ದಾಟುವ ಜನರನ್ನು ನೋಡಿ ಬೆರಗಾದ. ಹಡಗು ಕಟ್ಟುವುದರಲ್ಲಿ ಲೋಕಪ್ರಸಿದ್ಧವಾದ ನಾಡಿನವನು ಆತ. ಅವನ ಕಣ್ಣಿಗೆ ಬಿದ್ದದ್ದು ಬುಟ್ಟಿಯಂತೆ ದುಂಡಗಿನ ದೋಣಿ. ಒಳಗೆ ಬೆತ್ತದಂಥ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರಬಹುದು. ಬೇಕೆಂದರೆ ಕುದುರೆ, ಎತ್ತುಗಳನ್ನೂ ಹತ್ತಿಸಬಹುದು. ಹುಟ್ಟು ಹಾಕಿದರೆ ಅದು ಬೇರೆ ದೋಣಿಗಳಂತೆ ನೇರ ಹೋಗದೆ ಸುತ್ತುತ್ತಲೇ ಸಾಗುತ್ತದೆ ಎಂದೂ, ಈ ರಾಜ್ಯದ ಹೊಳೆಗಳಲ್ಲಿ ಇದರ ಹೊರತು ಬೇರೆ ದೋಣಿಯೇ ಇಲ್ಲವೆಂದೂ ಅವನು ಬರೆದಿಟ್ಟಿದ್ದಾನೆ. ಹಂಪಿಗೆ ಹೋದವರು ಇಂದಿಗೂ ಏರುವ ಹರಿಗೋಲು ಇದೇ. ಐನೂರು ವರ್ಷಗಳಲ್ಲಿ ಬದಲಾದದ್ದು ಹೊರಮೈಯ ತೊಗಲು ಮಾತ್ರ. ಈಗ ಅಲ್ಲಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು.

ಪೇಸ್ ಕಂಡ ಹರಿಗೋಲುಗಳಲ್ಲಿ ಎಷ್ಟು ಮಗುಚಿದವೋ, ಎಷ್ಟು ಸರಕು ತಳ ಸೇರಿತೋ ಲೆಕ್ಕ ಇಟ್ಟವರಿಲ್ಲ. ಮಳೆಗಾಲದ ತುಂಗಭದ್ರೆಯನ್ನು ಒಮ್ಮೆ ನೋಡಿದವರಿಗೆ ಆ ಸಂಖ್ಯೆ ಸಣ್ಣದಿರಲಾರದು ಎಂದು ತಿಳಿಯುತ್ತದೆ. ಬೇರೆ ದೇಶದಲ್ಲಾಗಿದ್ದರೆ ಇಂಥ ನದಿಯ ತಳಕ್ಕೆ ಇಷ್ಟು ಹೊತ್ತಿಗೆ ತರಬೇತಾದ ಮುಳುಗುಗಾರರು ಇಳಿದಿರುತ್ತಿದ್ದರು.

ಉಪ್ಪು ತಿನ್ನುತ್ತದೆ, ಸಿಹಿ ಕಾಯುತ್ತದೆ

ಮುಳುಗಿದ ಹಡಗು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಸಮುದ್ರ. ಆದರೆ ಮರದ ಹಡಗು ಹೆಚ್ಚು ಕಾಲ ಉಳಿಯುವುದು ಉಪ್ಪುನೀರಿನಲ್ಲಲ್ಲ. ಸಮುದ್ರದಲ್ಲಿ ಟೆರೆಡೊ ಎಂಬ ಜೀವಿ ಇದೆ. ಹುಳುವಿನಂತೆ ಕಂಡರೂ ಅದು ಕಪ್ಪೆಚಿಪ್ಪಿನ ಕುಲಕ್ಕೆ ಸೇರಿದ್ದು. ಮರವನ್ನು ಕೊರೆದು ತಿನ್ನುವುದೇ ಅದರ ಬಾಳು. ಬೆಚ್ಚನೆಯ ಸಮುದ್ರದಲ್ಲಿ ಹಡಗಿನ ಮರ ಕೆಲವೇ ವರ್ಷಗಳಲ್ಲಿ ಜರಡಿಯಾಗುತ್ತದೆ. ಸಿಹಿನೀರಿನಲ್ಲಿ ಈ ಜೀವಿ ಬದುಕದು. ಉಪ್ಪು ಕಡಿಮೆ ಇರುವ ಬಾಲ್ಟಿಕ್ ಸಮುದ್ರದಲ್ಲೂ ಅಷ್ಟೇ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ತನ್ನ ಮೊದಲ ಯಾನದಲ್ಲೇ ಮುಳುಗಿದ ಸ್ವೀಡನ್ನಿನ ಯುದ್ಧನೌಕೆ ವಾಸಾ, 1961ರಲ್ಲಿ ಮೇಲೆತ್ತಿದಾಗ ಕೆತ್ತನೆಗಳ ಸಮೇತ ಹೆಚ್ಚುಕಡಿಮೆ ಇಡಿಯಾಗಿಯೇ ಬಂತು. ಅಮೆರಿಕ ಮತ್ತು ಕೆನಡಾ ನಡುವಿನ ಮಹಾಸರೋವರಗಳ ತಳದಲ್ಲಿ ಹತ್ತೊಂಬತ್ತನೆಯ ಶತಮಾನದ ಹಾಯಿಹಡಗುಗಳು ಕೂವೆಮರ ನೆಟ್ಟಗೆ ನಿಂತ ಸ್ಥಿತಿಯಲ್ಲೇ ಸಿಕ್ಕಿವೆ. ಹ್ಯೂರನ್ ಸರೋವರದ ಥಂಡರ್ ಬೇ ಪ್ರದೇಶವನ್ನು ಅಮೆರಿಕ ಸರ್ಕಾರ 2000ದಲ್ಲಿ ಇಂಥ ಹಡಗುಗಳಿಗಾಗಿಯೇ ರಕ್ಷಿತ ತಾಣವೆಂದು ಸಾರಿತು.

ಸಿಹಿನೀರಿನ ಹಡಗುಗಳ ಕಥೆಗಳಲ್ಲೆಲ್ಲ ವಿಚಿತ್ರವಾದದ್ದು ಇಟಲಿಯ ನೇಮಿ ಸರೋವರದ್ದು. ರೋಮ್ ನಗರಕ್ಕೆ ಹತ್ತಿರದ ಈ ಪುಟ್ಟ ಸರೋವರದಲ್ಲಿ ಕಲಿಗುಲ ಚಕ್ರವರ್ತಿಯ ಕಾಲದ ಎರಡು ಭಾರೀ ಹಡಗುಗಳು ಮುಳುಗಿದ್ದವು. ಒಂದೊಂದೂ ಸುಮಾರು 70 ಮೀಟರ್ ಉದ್ದ. 1446ರ ಸುಮಾರಿಗೆ ಆಲ್ಬರ್ಟಿ ಎಂಬ ವಿದ್ವಾಂಸ ಜಿನೋವಾದ ಮುಳುಗುಗಾರರನ್ನು ಕರೆಸಿ ಅವನ್ನು ಎತ್ತಲು ನೋಡಿದ. ಹಂಪಿಯಲ್ಲಿ ಇಮ್ಮಡಿ ದೇವರಾಯ ತೀರಿಕೊಂಡ ವರ್ಷ ಅದು. 1535ರಲ್ಲಿ, ಅಂದರೆ ಅಚ್ಯುತರಾಯ ಇಲ್ಲಿ ಆಳುತ್ತಿದ್ದಾಗ, ದೆ ಮಾರ್ಕಿ ಎಂಬಾತ ತಲೆ ಮತ್ತು ಎದೆಯನ್ನು ಮುಚ್ಚುವ ಮರದ ಗೂಡೊಂದನ್ನು ತೊಟ್ಟು ತಾನೇ ಇಳಿದ. ಇಬ್ಬರಿಗೂ ಹಡಗು ಒಲಿಯಲಿಲ್ಲ. ಕೊನೆಗೆ ಮುಸೊಲಿನಿಯ ಸರ್ಕಾರ 1928ರಿಂದ ಪಂಪು ಹಚ್ಚಿ ಸರೋವರದ ನೀರನ್ನೇ ಇಳಿಸಿ ಎರಡನ್ನೂ ಹೊರತೆಗೆಯಿತು, ಅವಕ್ಕೆಂದೇ ಮ್ಯೂಸಿಯಂ ಕಟ್ಟಿಸಿತು. 1944ರ ಮೇ 31ರ ರಾತ್ರಿ, ಯುದ್ಧದ ಗದ್ದಲದಲ್ಲಿ, ಮ್ಯೂಸಿಯಮ್ಮಿಗೆ ಬೆಂಕಿ ಬಿದ್ದು ಎರಡೂ ಬೂದಿಯಾದವು. ನೀರಿನಡಿ ಸಾವಿರದ ಒಂಬೈನೂರು ವರ್ಷ ಉಳಿದಿದ್ದವು, ಹೊರಗೆ ಹದಿನೈದು ವರ್ಷವೂ ಉಳಿಯಲಿಲ್ಲ. ಆ ಕಾರಣಕ್ಕೇ ಇಂದಿನ ಜಲಪುರಾತತ್ವಜ್ಞರು ಸಿಕ್ಕಿದ್ದನ್ನೆಲ್ಲ ಮೇಲೆತ್ತುವ ಆತುರ ತೋರುವುದಿಲ್ಲ. ಇದ್ದಲ್ಲಿಯೇ ಅಳೆದು, ಚಿತ್ರಿಸಿ, ಬಿಟ್ಟುಬರುವುದು ಅವರ ಮೊದಲ ಪಾಠ.

ಗುರುತು ಬಿಡದ ದೋಣಿ

ತುಂಗಭದ್ರೆಯೂ ಸಿಹಿನೀರೇ. ಹಾಗಾದರೆ ವಿಜಯನಗರದ ಹರಿಗೋಲೊಂದು ತಳದ ಕೆಸರಿನಲ್ಲಿ ಹುದುಗಿರಬಹುದೇ? ಆಸೆ ಸಹಜ. ಆದರೆ ಹರಿಗೋಲಿನ ಸ್ವಭಾವ ತಿಳಿದವರು ತಲೆಯಾಡಿಸುತ್ತಾರೆ.

ಹಡಗು ಭಾರದ ವಸ್ತು. ತೂತು ಬಿದ್ದು ನೀರು ತುಂಬಿದರೆ ಹೊಟ್ಟೆಯಲ್ಲಿನ ಸರಕಿನ ಸಮೇತ ತಳಕ್ಕಿಳಿದು, ಸರಕಿಗೆ ತಾನೇ ಪೆಟ್ಟಿಗೆಯಾಗಿ ಕೂರುತ್ತದೆ. ಹರಿಗೋಲು ಹಾಗಲ್ಲ. ಅದು ಬಿದಿರಿನ ಸೀಳುಗಳ ಹೆಣಿಗೆ. ಮುಳುಗುವುದಕ್ಕಿಂತ ಮಗುಚುವುದೇ ಹೆಚ್ಚು. ಒಂದು ಬದಿಗೆ ಭಾರ ಬಿದ್ದು ಅಂಚು ನೀರಿಗೆ ತಾಗಿತೋ, ಜನ, ಮೂಟೆ ಎಲ್ಲ ಕೆಳಗೆ. ಬುಟ್ಟಿ ಮಾತ್ರ ಬೋರಲಾಗಿ ತೇಲುತ್ತ ಹೋಗುತ್ತದೆ. ಎಲ್ಲೋ ಬಂಡೆಗೆ ತಗುಲಿ ನಿಂತರೆ ಅಂಬಿಗ ಅದನ್ನು ದಡಕ್ಕೆಳೆದು, ಮುರಿದ ಸೀಳು ತೆಗೆದು ಹೊಸದು ಹೆಣೆದು, ಮತ್ತೆ ನೀರಿಗಿಳಿಸುತ್ತಾನೆ. ದೋಣಿ ಒಂದು ಕಡೆ, ಸರಕು ಇನ್ನೊಂದು ಕಡೆ. ತೀರಾ ಹಳತಾದ ಹರಿಗೋಲಿನ ಗತಿ ದಡದ ಮೇಲೆಯೇ ಮುಗಿಯುತ್ತದೆ. ಬಿದಿರು ಒಲೆ ಸೇರುತ್ತದೆ, ತೊಗಲು ಕೊಳೆಯುತ್ತದೆ.

ಹಡಗು ಮುಳುಗಿದಲ್ಲಿ ಹಡಗು ಸಿಕ್ಕೀತು. ಹರಿಗೋಲು ಮಗುಚಿದಲ್ಲಿ ಸಿಗಬಹುದಾದದ್ದು ಅದು ಹೊತ್ತ ವಸ್ತು ಮಾತ್ರ: ಮಡಕೆ ಚೂರು, ಲೋಹದ ಪಾತ್ರೆ, ನಾಣ್ಯ, ಆಯುಧ, ಬೀಸುವ ಕಲ್ಲು. ಹಂಪಿ ಭಾಗದಲ್ಲಿ ನದಿ ಹರಿಯುವುದು ಗ್ರಾನೈಟ್ ಬಂಡೆಗಳ ನಡುವೆ. ಸುಳಿಯೊಳಗೆ ಸಿಕ್ಕ ಉರುಟುಗಲ್ಲುಗಳು ಸಾವಿರಾರು ವರ್ಷ ಗರಗರ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದಿವೆ. ಭಾರವಾದ ವಸ್ತುವೊಂದು ಪ್ರವಾಹದಲ್ಲಿ ಉರುಳಿ ಬಂದರೆ ಇಂಥ ಗುಂಡಿಯಲ್ಲಿ ಕೂತುಬಿಡುವ ಸಾಧ್ಯತೆ ಇದೆ. ಹುಡುಕುವುದಾದರೆ ಹುಡುಕಬೇಕಾದ ಜಾಗ ಅದು.

ಈ ಬಂಡೆಗಳೇ ಇಲ್ಲಿ ಹಡಗು ಇಲ್ಲದಿರುವುದಕ್ಕೂ ಕಾರಣ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಮಳೆಗಾಲದಲ್ಲಿ ಆನೆಯನ್ನೂ ಎತ್ತಿಕೊಂಡು ಹೋಗುವ ಸೆಳೆತ. ಅಡಿಮರವಿರುವ ಯಾವ ದೋಣಿಯೂ ಇಲ್ಲಿ ಬಂಡೆಗೆ ಬಡಿಯದೆ ಉಳಿಯದು. ಚಪ್ಪಟೆ ತಳದ ಹರಿಗೋಲಾದರೆ ಗೇಣುದ್ದ ನೀರಿನಲ್ಲೂ ಜಾರುತ್ತದೆ. ಬಂಡೆಗೆ ತಾಗಿದರೆ ಒಡೆಯದೆ ಬಾಗುತ್ತದೆ. ಪೇಸ್‌ಗೆ ವಿಚಿತ್ರವೆನಿಸಿದ್ದು ಇಲ್ಲಿಯ ಹೊಳೆಗೆ ತಕ್ಕ ದೋಣಿ.

ಹಾಗೆಂದು ವಿಜಯನಗರದವರು ಹರಿಗೋಲನ್ನೇ ನಂಬಿ ಕೂರಲಿಲ್ಲ. ವಿಠ್ಠಲ ದೇವಾಲಯದ ಸಮೀಪ, ಪುರಂದರ ಮಂಟಪದ ಬಳಿ ನದಿಯಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ಹಳೆಯ ಸೇತುವೆಯದು. ಹಾಸುಗಲ್ಲುಗಳು ಹೋಗಿವೆ, ಕಂಬಗಳು ನಿಂತಿವೆ. ಹೋದವು ಎಲ್ಲಿಗೆ ಹೋದವು? ಅಷ್ಟು ಭಾರದ ಕಲ್ಲು ಬಹಳ ದೂರ ಹೋಗಿರಲಾರದು. ಅದೇ ನದಿಗೆ ನಮ್ಮ ಕಾಲದವರು ಕಟ್ಟಲು ಹೊರಟ ಸೇತುವೆಯ ಕಥೆ ಇನ್ನೂ ದುಃಖದ್ದು. ತಳವಾರಘಟ್ಟ ಮತ್ತು ಆನೆಗೊಂದಿ ನಡುವಣ ಸೇತುವೆಯಿಂದ ಸ್ಮಾರಕಗಳ ಪರಿಸರಕ್ಕೆ ಧಕ್ಕೆ ಎಂಬ ಕಾರಣ ಮುಂದಿಟ್ಟು ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಹೆಸರು ಹೊರಬಂತು. ನಿಂತ ಕೆಲಸ ಮತ್ತೆ ಶುರುವಾಯಿತು. 2009ರ ಜನವರಿ 22ರಂದು ಸೇತುವೆ ಕುಸಿಯಿತು. ಕೆಲಸದಲ್ಲಿದ್ದ ಕಾರ್ಮಿಕರು ನದಿಪಾಲಾದರು.

ಕಟ್ಟೆಯ ಹಿಂದಿನ ಕತ್ತಲು

ಈ ಪ್ರದೇಶದಲ್ಲಿ ನಿಜವಾಗಿ ಮುಳುಗಿದ್ದು ದೋಣಿಯಲ್ಲ, ಊರು. 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತಿತು. 90ರಷ್ಟು ಹಳ್ಳಿಗಳು ಮುಳುಗಡೆಯಾಗಿ 50 ಸಾವಿರಕ್ಕೂ ಹೆಚ್ಚು ಜನ ಮನೆಮಠ ಬಿಟ್ಟರು. ಹೊಸಪೇಟೆಯಿಂದ ಹಡಗಲಿ, ಹರಪನಹಳ್ಳಿ ಕಡೆ ಹೋಗುವಾಗ ಸಿಗುವ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದವರಲ್ಲಿ ಎಷ್ಟೋ ಮನೆತನಗಳ ಮೂಲ, ನೀರಿನಡಿ ಸೇರಿದ ನಾರಾಯಣದೇವರಕೆರೆ. ದೇವರ ಮೂರ್ತಿಗಳನ್ನು ಹೊತ್ತು ತಂದರು. ಹಗೇವು, ಬಾವಿ, ಕಟ್ಟೆ, ಗೋರಿಗಳನ್ನು ತರುವುದೆಂತು?

ಊರುಗಳ ಜೊತೆಗೆ ಹೋದ ಇನ್ನೊಂದರ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಅದು ವಲ್ಲಭಾಪುರದ ಹಳೆಯ ಅಣೆಕಟ್ಟು. ಕೃಷ್ಣದೇವರಾಯನ ಕಾಲದ್ದು. ಹೊಸಪೇಟೆಯ ಗದ್ದೆ, ತೋಟಗಳಿಗೆ ನೀರುಣಿಸುವ ಬಸವಣ್ಣ ಕಾಲುವೆ ಹುಟ್ಟುತ್ತಿದ್ದುದು ಅಲ್ಲಿ. ಹೊಸ ಕಟ್ಟೆಯ ನೀರು ಹಳೆಯ ಕಟ್ಟೆಯನ್ನು ನುಂಗಿತು. ಕಾಲುವೆ ಬದುಕಿದೆ, ಅದಕ್ಕೆ ಈಗ ಜಲಾಶಯದಿಂದಲೇ ನೀರು. ಸುಣ್ಣವಿಲ್ಲದೆ ಕಲ್ಲಿಗೆ ಕಲ್ಲು ಜೋಡಿಸಿ ನದಿಯನ್ನು ತಿರುಗಿಸುತ್ತಿದ್ದ ಆ ಕಾಲದ ತಂತ್ರವನ್ನು ಕೆಳದಂಡೆಯಲ್ಲಿ ಉಳಿದಿರುವ ಕಟ್ಟೆಗಳಲ್ಲಿ ಇಂದಿಗೂ ನೋಡಬಹುದು. ಆದರೆ ಅವು ಮತ್ತೆ ಮತ್ತೆ ದುರಸ್ತಿ ಕಂಡವು. ನೀರಿನಡಿ ಹೋದದ್ದಕ್ಕೆ 1953ರ ನಂತರ ಯಾರ ಕೈಯೂ ತಾಗಿಲ್ಲ. ಈ ಸೀಮೆಯಲ್ಲಿ ಸ್ಕೂಬಾ ತೊಟ್ಟು ನೋಡಬೇಕಾದ ಮೊದಲ ವಸ್ತು ಯಾವುದೆಂದು ಕೇಳಿದರೆ ಉತ್ತರ ಇದೇ.

ಅದು ಕೈಗೆ ಸಿಗದಂತೆ ಮಾಡುತ್ತಿರುವುದು ಹೂಳು. ಕಟ್ಟಿದಾಗ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಡಿ. ಈಗ ಲೆಕ್ಕಕ್ಕೆ ಹಿಡಿಯುವುದು ಸುಮಾರು 105.8 ಟಿಎಂಸಿ. ಉಳಿದ 27 ಟಿಎಂಸಿ ಜಾಗದಲ್ಲಿ ಕೂತಿರುವುದು ಮಲೆನಾಡಿನಿಂದ, ಬಯಲಿನಿಂದ ಕೊಚ್ಚಿ ಬಂದ ಮಣ್ಣು. ಕೆಂಪು ಮಣ್ಣು ನೀರಿಗೆ ಏನು ಮಾಡುತ್ತದೆಂದು ತಿಳಿಯಲು ಮಳೆಗಾಲದಲ್ಲಿ ಸಂಡೂರಿಗೆ ಹೋಗಬೇಕು. ಅದಿರಿನ ಗುಡ್ಡಗಳಿಂದ ಇಳಿಯುವ ಹಳ್ಳಗಳಲ್ಲಿ ಅಂಗೈ ಮುಳುಗಿಸಿದರೆ ಬೆರಳು ಕಾಣಿಸದು. ಹೂಳಿಗೆ ಎರಡು ಮುಖ. ಅದು ಮುಚ್ಚಿದ್ದನ್ನು ಗಾಳಿ ತಾಗದಂತೆ ಕಾಯುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಮರದಂಥ ವಸ್ತು ಉಳಿಯುವುದಿದ್ದರೆ ಹೂಳಿನಡಿಯಲ್ಲೇ. ಆದರೆ ಹುಡುಕುವವನ ಕಣ್ಣು ಕಟ್ಟುವುದೂ ಅದೇ.

2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾಡಿಗೆ ನಾಡೇ ಹೊಸಪೇಟೆಯ ಕಡೆ ನೋಡಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ವಾರದೊಳಗೆ ಉಕ್ಕಿನ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಲಾಯಿತು. ಆ ವಾರ ಎಲ್ಲರ ಮನಸ್ಸಿನಲ್ಲಿ ಇದ್ದುದು ರೈತರ ಬೆಳೆ. ಇರಬೇಕಾದದ್ದೂ ಅದೇ. ಆದರೆ ಎಪ್ಪತ್ತು ವರ್ಷ ಹಳೆಯ ಕಟ್ಟೆಯ ನೀರೊಳಗಿನ ಭಾಗಗಳ ಸ್ಥಿತಿ ನೋಡಲೂ ನೀರಿಗಿಳಿಯಬಲ್ಲ, ಇಳಿದು ಕಂಡದ್ದನ್ನು ಅಳೆದು ಬರೆಯಬಲ್ಲ ಜನ ಬೇಕು. ಊರು ಹುಡುಕುವ ವಿದ್ಯೆಯೂ ಕಟ್ಟೆ ಪರೀಕ್ಷಿಸುವ ವಿದ್ಯೆಯೂ ಶುರುವಾಗುವುದು ಒಂದೇ ತರಬೇತಿಯಿಂದ.

ಉಸಿರಿನ ಲೆಕ್ಕ

ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು, ಬೇಕಾದಷ್ಟೇ ಗಾಳಿಯನ್ನು ಬೇಕಾದ ಒತ್ತಡದಲ್ಲಿ ಬಾಯಿಗೆ ಕೊಡುವ ಯಂತ್ರದೊಡನೆ ಮುಳುಗುವುದೇ ಸ್ಕೂಬಾ. ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ 1943ರಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟರು. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಜನ ನೆನೆಯುವುದು ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪವನ್ನು. ಅಲ್ಲಿ ತಿಳಿನೀರು, ಬಣ್ಣಬಣ್ಣದ ಮೀನು. ಆರಂಭದ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್ ಆಳದ ಮಿತಿ. ಮೂರು ನಾಲ್ಕು ದಿನದ ಕಲಿಕೆ ಸಾಕು. ಅದನ್ನು ಕಲಿತವರು ತುಂಗಭದ್ರೆಗೆ ಹಾಗೇ ಇಳಿಯಬಹುದೇ? ಕೂಡದು.

ಮೊದಲನೆಯದು ತೂಕದ ಲೆಕ್ಕ. ಉಪ್ಪುನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಭಾರ. ಅಷ್ಟರಮಟ್ಟಿಗೆ ಹೆಚ್ಚು ತೇಲಿಸುತ್ತದೆ. ಸಮುದ್ರದಲ್ಲಿ ಸೊಂಟಕ್ಕೆ ಕಟ್ಟಿದ ಸೀಸದ ಬಿಲ್ಲೆಗಳನ್ನೆಲ್ಲ ಕಟ್ಟಿಕೊಂಡು ಹೊಳೆಗಿಳಿದರೆ ಎರಡು ಕಿಲೊದಷ್ಟು ಭಾರ ಅನಗತ್ಯವಾಗಿ ಕೆಳಗೆಳೆದು ಹೂಳಿನಲ್ಲಿ ಕೂರಿಸುತ್ತದೆ. ಹೂಳು ಎದ್ದರೆ ಮುಗಿಯಿತು, ಕೈಯಲ್ಲಿನ ಟಾರ್ಚೂ ಕಾಣಿಸದು. ಅದಕ್ಕೇ ಇಲ್ಲಿ ಕಾಲಾಡಿಸುವ ಕ್ರಮವೇ ಬೇರೆ. ಕಪ್ಪೆಯಂತೆ ಪಕ್ಕಕ್ಕೆ ತಳ್ಳಬೇಕೇ ಹೊರತು ಮೇಲೆ ಕೆಳಗೆ ಬಡಿಯಬಾರದು. ತಳಕ್ಕೆ ತಾಗದೆ, ಮೇಲಕ್ಕೂ ಏಳದೆ, ಉಸಿರಿನಿಂದಲೇ ದೇಹವನ್ನು ನಡುನೀರಿನಲ್ಲಿ ತೂಗುಬಿಡುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು.

ಎರಡನೆಯದು ಬಹಳ ಜನರಿಗೆ ಹೊಳೆಯದ ಸಂಗತಿ. ಗೋಲಿಸೋಡಾ ಒಡೆದಾಗ ಗುಳ್ಳೆ ಏಳುವುದೇಕೆ? ಒತ್ತಡದಲ್ಲಿ ಕರಗಿದ್ದ ಅನಿಲ, ಒತ್ತಡ ಇಳಿದೊಡನೆ ಹೊರಬರುತ್ತದೆ. ಆಳದಲ್ಲಿ ಉಸಿರಾಡಿದವನ ರಕ್ತದಲ್ಲೂ ಸಾರಜನಕ ಹೀಗೆಯೇ ಕರಗಿರುತ್ತದೆ. ದಡಬಡ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲು, ಬೆನ್ನುಹುರಿಗಳಲ್ಲಿ ಸಿಕ್ಕಿ ಮನುಷ್ಯನನ್ನು ಊನ ಮಾಡಬಲ್ಲದು, ಕೊಲ್ಲಲೂಬಲ್ಲದು. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಕೋಷ್ಟಕಗಳಿವೆ, ಆದರೆ ಅವು ಸಮುದ್ರಮಟ್ಟದ ಲೆಕ್ಕ. ತುಂಗಭದ್ರಾ ಜಲಾಶಯದ ಪೂರ್ಣಮಟ್ಟ 1633 ಅಡಿ, ಅಂದರೆ ಸುಮಾರು 498 ಮೀಟರ್. 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಮುಳುಗುವುದನ್ನು ಎತ್ತರದ ಮುಳುಗು ಎಂದೇ ಗಣಿಸುತ್ತಾರೆ. ಮೇಲಿನ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಅಲ್ಲಿ ಗುಳ್ಳೆ ಬೇಗ ಏಳುತ್ತದೆ, ಕೋಷ್ಟಕ ತಿದ್ದಿಕೊಳ್ಳಬೇಕು. ಬಯಲುಸೀಮೆಯ ಬಿಸಿಲಲ್ಲಿ ನಿಂತು ಇದು ಎತ್ತರದ ಪ್ರದೇಶವೆಂದು ಯಾರಿಗೆ ಅನ್ನಿಸೀತು?

ಮೂರನೆಯದು ಗಾಳಿ. ಸಾಮಾನ್ಯವಾಗಿ ಬಳಸುವ 12 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಿ ತುಂಬಿದರೆ 2400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ದಡದ ಮೇಲೆ ಅದು ಎರಡು ತಾಸು ಬಂದೀತು. ಹತ್ತು ಮೀಟರ್ ಇಳಿದರೆ ಒಂದು ತಾಸು, ಇಪ್ಪತ್ತು ಮೀಟರ್ ಇಳಿದರೆ 40 ನಿಮಿಷ. ಮುಳುಗಿದ ಹಡಗಿನೊಳಗೋ ಮನೆಯೊಳಗೋ ಹೊಕ್ಕುವವರಿಗೆ ಇನ್ನೊಂದು ಕಟ್ಟಳೆ ಇದೆ. ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಉಳಿದ ಪಾಲು ಆಪತ್ತಿಗೆ. ಅಂದರೆ ಇಪ್ಪತ್ತು ಮೀಟರ್ ಆಳದಲ್ಲಿ ಒಳಹೋಗಲು ಇರುವುದು ಹದಿಮೂರೇ ನಿಮಿಷ. ಬಾಗಿಲಿಗೆ ಕಟ್ಟಿದ ದಾರವನ್ನು ಬಿಚ್ಚುತ್ತ ಹೋಗಿ, ಹೂಳೆದ್ದು ಕಣ್ಣು ಕತ್ತಲಿಟ್ಟರೆ ಅದೇ ದಾರ ಹಿಡಿದು ಮರಳಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ದಡದ ಮೇಲೆ ದಾರ ಹಿಡಿದು ನಡೆಸುವುದರಿಂದಲೇ ಈ ತರಬೇತಿ ಆರಂಭವಾಗುತ್ತದೆ.

ಕಟ್ಟೆಯ ಹತ್ತಿರದ ಅಪಾಯ ಇವೆಲ್ಲಕ್ಕೂ ಮಿಗಿಲು. ಹತ್ತು ಮೀಟರ್ ಆಳದಲ್ಲಿ ಒಂದಡಿ ಚೌಕದ ಕಂಡಿಯೊಂದು ತೆರೆದಿದ್ದರೆ ಅದರತ್ತ ನೀರು ಒತ್ತುವ ಬಲ 900 ಕಿಲೊ ಮೀರುತ್ತದೆ. ಸಿಕ್ಕಿಬಿದ್ದವನನ್ನು ಎಳೆದು ತೆಗೆಯಲು ಮನುಷ್ಯಬಲ ಸಾಲದು. ಮೀನುಬಲೆಗಳದ್ದು ಬೇರೆಯೇ ಕಾಟ. ಹರಿದು ತಳದಲ್ಲಿ ಉಳಿದ ನೈಲಾನ್ ಬಲೆ ಕಾಣುವುದಿಲ್ಲ, ಕೊಳೆಯುವುದೂ ಇಲ್ಲ.

ಇಳಿಯುವವರು ಯಾರು?

ಪುರಾತತ್ವಜ್ಞನಿಗೆ ಮುಳುಗು ಕಲಿಸಬೇಕೋ, ಮುಳುಗುಗಾರನಿಗೆ ಪುರಾತತ್ವ ಕಲಿಸಬೇಕೋ ಎಂಬುದು ಹಳೆಯ ಜಗಳ. 1960ರಲ್ಲಿ ಜಾರ್ಜ್ ಬ್ಯಾಸ್ ಎಂಬ ಅಮೆರಿಕದ ತರುಣ ವಿದ್ಯಾರ್ಥಿ ವೈಎಂಸಿಎಯಲ್ಲಿ ಅವಸರದಲ್ಲಿ ಸ್ಕೂಬಾ ಪಾಠ ಹೇಳಿಸಿಕೊಂಡು, ಟರ್ಕಿಯ ಗೆಲಿಡೊನ್ಯ ಭೂಶಿರದ ಬಳಿ ಮೂರು ಸಾವಿರ ವರ್ಷಕ್ಕೂ ಹಳೆಯದಾದ ಹಡಗಿನ ಉತ್ಖನನಕ್ಕೆ ತಾನೇ ಇಳಿದ. ಅಲ್ಲಿಂದ ಈ ಶಾಸ್ತ್ರದ ದಾರಿ ಬದಲಾಯಿತು. ಭಾರತದಲ್ಲಿ ಇದಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರೇ. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿದ, ಲೋಥಲ್ ಉತ್ಖನನದಿಂದ ಹೆಸರಾದ ಡಾ. ಎಸ್.ಆರ್. ರಾವ್ ಅವರು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವ ಕೇಂದ್ರ ಕಟ್ಟಿ, 1980ರ ದಶಕದಲ್ಲಿ ದ್ವಾರಕೆಯ ಸಮುದ್ರತಳದ ಶೋಧ ನಡೆಸಿದರು. ಅದೇ ಸಂಸ್ಥೆಯವರು ಗೋವೆಯ ಸುಂಚಿ ದಿಬ್ಬದ ಬಳಿ ಹದಿನೇಳನೆಯ ಶತಮಾನದ ಪೋರ್ಚುಗೀಸ್ ಹಡಗಿನಿಂದ ಆನೆದಂತ, ನೀರಾನೆಯ ಹಲ್ಲುಗಳನ್ನು ತೆಗೆದರು. ಭಾರತೀಯ ಪುರಾತತ್ವ ಸರ್ವೇಕ್ಷಣೆ 2001ರಲ್ಲಿ ತನ್ನದೇ ಜಲಪುರಾತತ್ವ ವಿಭಾಗ ತೆರೆದು, ಮರುವರ್ಷ ಲಕ್ಷದ್ವೀಪದ ಬಂಗಾರಂ ಬಳಿ ಪ್ರಿನ್ಸೆಸ್ ರಾಯಲ್ ಹಡಗಿನ ಉತ್ಖನನ ನಡೆಸಿತು.

ಈ ಹೆಸರುಗಳೆಲ್ಲ ಕಡಲಿನವು. ಒಳನಾಡಿನ ಹೊಳೆ ಕೆರೆಗಳ ಸರದಿ ಇನ್ನೂ ಬರಬೇಕಾಗಿದೆ.

ಸದ್ಯಕ್ಕೆ ತುಂಗಭದ್ರೆಯ ತಳ ಬಲ್ಲವರೆಂದರೆ ದಂಡೆಯ ಅಂಬಿಗರು ಮತ್ತು ಮೀನುಗಾರರು. ಯಾರಾದರೂ ನೀರುಪಾಲಾದರೆ ಅಗ್ನಿಶಾಮಕ ದಳದವರ ಜೊತೆ ಹರಿಗೋಲು ತಳ್ಳಿಕೊಂಡು ಹೊರಡುವವರು ಅವರೇ. ಸುಳಿ ಎಲ್ಲಿದೆ, ಯಾವ ಬಂಡೆಯ ಸಂದಿಗೆ ನೀರು ಸೇದುತ್ತದೆ, ಮೂರನೆಯ ದಿನ ಶವ ಎಲ್ಲಿ ತೇಲಬಹುದು ಎಂಬುದು ಅವರಿಗೆ ಬಾಯಿಪಾಠ. ಅವರ ಕೈಯಲ್ಲಿರುವುದು ಕೊಕ್ಕೆ, ಹಗ್ಗ, ಎದೆಯಲ್ಲಿ ಒಂದೇ ಒಂದು ಉಸಿರು. ಪತ್ರಿಕೆಗಳು ಅವರನ್ನು ಮುಳುಗುತಜ್ಞರು ಎಂದು ಬರೆಯುತ್ತವೆ. ತಜ್ಞರಿಗೆ ಸಿಗಬೇಕಾದ ಸಾಮಗ್ರಿ ಇರಲಿ, ಕಂಪ್ಲಿಯ ಸೇತುವೆ ಮುಳುಗಿದ ಮಳೆಗಾಲದಲ್ಲಿ ನೀರಿಗಿಳಿಯುವಾಗ ಎಷ್ಟೋ ಜನರ ಮೈಮೇಲೆ ತೇಲುವ ಜಾಕೀಟೂ ಇರುವುದಿಲ್ಲ.

ಕೊಕ್ಕೆಯ ಕೆಲಸಕ್ಕೊಂದು ಮಿತಿ ಇದೆ. ಪಾತಾಳಗರಡಿ ತಂಬಿಗೆಯನ್ನು ತಂದುಕೊಟ್ಟೀತು. ಅದು ಎಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತೆಂದು ಹೇಳಲಾರದು. ಇತಿಹಾಸಕ್ಕೆ ಬೇಕಾದದ್ದು ತಂಬಿಗೆಗಿಂತ ಹೆಚ್ಚಾಗಿ ಆ ಉತ್ತರ. ಮರಳು ತೆಗೆಯುವ ಯಂತ್ರಗಳೂ, ಮೀನಿಗಾಗಿ ಸಿಡಿಮದ್ದು ಎಸೆಯುವವರೂ ಮಾಡುವ ಹಾನಿ ಇದೇ ಬಗೆಯದು, ಪ್ರಮಾಣ ಮಾತ್ರ ದೊಡ್ಡದು. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೊಮೀಟರ್ ನದಿಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ನೀರುನಾಯಿಗೆ ಸಿಕ್ಕ ಆ ರಕ್ಷಣೆ ನಿಜವಾಗಿ ಜಾರಿಯಾದರೆ, ಅದೇ ತಳದಲ್ಲಿರುವ ಮಡಕೆ ಚೂರುಗಳಿಗೂ ಪುಕ್ಕಟೆಯಾಗಿ ಸಿಗುತ್ತದೆ.

ಇನ್ನು ಕೆಲಸ ಶುರುವಾಗುವುದಾದರೆ ಅದಕ್ಕೆ ಕಾಲವೂ ಗೊತ್ತು. ಮಳೆಯ ಕೆಂಪು ತಗ್ಗಿ, ಕಾಲುವೆಗಳಿಗೆ ನೀರು ಹರಿದು ಜಲಾಶಯ ಇಳಿಯುವ ಫೆಬ್ರವರಿಯಿಂದ ಮೇ ತಿಂಗಳ ನಡುವೆ. ಮೊದಲು ಶಬ್ದದ ಅಲೆಗಳಿಂದ ತಳದ ನಕ್ಷೆ ತೆಗೆಯುವ ಸೋನಾರ್ ಯಂತ್ರವನ್ನು ದೋಣಿಗೆ ಕಟ್ಟಿ ವಲ್ಲಭಾಪುರದ ಮೇಲೆ ಹಾಯಿಸಬೇಕು. ಗೆರೆ ಎಳೆದಂತೆ ನೇರವಾಗಿ, ಒಂದೇ ವೇಗದಲ್ಲಿ ಸಾಗದಿದ್ದರೆ ಆ ನಕ್ಷೆ ಕೆಟ್ಟುಹೋಗುತ್ತದೆ. ಅಷ್ಟಕ್ಕೆ ಮಾತ್ರ ಹರಿಗೋಲು ಆಗದು. ಅದು ಪೇಸ್ ಕಂಡ ಕಾಲದಂತೆಯೇ ಇಂದಿಗೂ ಸುತ್ತುತ್ತಲೇ ಹೋಗುತ್ತದೆ.